ಕಾಟಾಕ್ಕೆ ಟಿಕಳಿ ಹಚ್ಚಿದ ಸುಮಿತ್ರಾಬಾಯಿಯವರು

ನಮ್ಮ ಗುಲಬರ್ಗಾ ಜಿಲ್ಲೆಯ ಶಾಲೆಗಳಲ್ಲಿ ದೈಹಿಕ ಶಿಕ್ಷಣವೆಂದರೆ ಆಗಸ್ಟ್ ತಿಂಗಳ ಕವಾಯತು, ಉಳಿದ ದಿನಗಳಲ್ಲಿ ಗಂಟೆ ಬಾರಿಸುವ ಕೆಲಸ ಎಂದು ತಿಳಿದಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಆಳಂದ, ಜೇವರ್ಗಿ ಮತ್ತು ಅಫಜಲಪುರ ತಾಲ್ಲೂಕುಗಳ ಹೆಣ್ಣುಮಕ್ಕಳನ್ನು ಮೊದಲು ಮೈದಾನಕ್ಕೂ ಆಮೇಲೆ ನೀರಿಗೂ ಇಳಿಸಿ, ಅವರ ತಾಯಂದಿರ ಬೈಗುಳವನ್ನೂ ತಂದೆಯರ ಗದರಿಕೆಯನ್ನೂ ಸೆರಗಿನ ಧೂಳಿನಂತೆ ಝಾಡಿಸಿ ಮುಂದೆ ನಡೆದ ಅಧ್ಯಾಪಕಿ ಶ್ರೀಮತಿ ಸುಮಿತ್ರಾಬಾಯಿಯವರು ಈ ವರ್ಷ, ೧೯೯೬ರ ಮೇ ತಿಂಗಳಲ್ಲಿ, ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ, ಹದಿನಾರು ವರ್ಷ ಅವರ ಸಹೋದ್ಯೋಗಿಯಾಗಿದ್ದ ನನ್ನ ಪಾಲಿಗೆ ಬಂದಿದೆ.

ಭಾಗ್ಯ ಎಂದೆ. ಆದರೆ ಈ ಸಂಪುಟದ ಸಮಿತಿಗೆ ನಮ್ಮ ವಿದ್ಯಾಸಂಸ್ಥೆಯ ಅಧ್ಯಕ್ಷರಾದ ಸನ್ಮಾನ್ಯ ದೌಲತರಾಯರೇ ಅಧ್ಯಕ್ಷರು. ಲೇಖನ ಕೇಳಲು ಬಂದ ಸಮಿತಿಯವರು ನನ್ನ ಮನೆಯ ಚಹಾ ಕುಡಿದು, ಏಳುವ ಮುಂಚೆ, “ಸಿಹಿ ಮಾತ ಬರೀರಿ ಮೇಡಂ, ಹಬ್ಬದ ಊಟದಾಗ ಹಾಗಲಕಾಯಿ ಬ್ಯಾಡ” ಎಂದು ಕಿವಿಮಾತು ಹೇಳಿ ಹೋದರು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎನ್ನುತ್ತಾರಲ್ಲ, ಆ ಬೇವಿನಕಾಯಿ ನಾನೇ ಎಂದು ಒಪ್ಪಿಕೊಂಡೇ ಬರೆಯಲು ಕುಳಿತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಸುಮಿತ್ರಾಬಾಯಿಯವರು ಹುಟ್ಟಿದ್ದು ಆಳಂದ ತಾಲ್ಲೂಕಿನ ಮಟಕಿಯ ಒಕ್ಕಲು ಮನೆತನದಲ್ಲಿ. ಈಜು ಕಲಿತದ್ದು ತಂದೆಯ ಹೊಲದ ಬಾವಿಯಲ್ಲಿ, ಅಣ್ಣಂದಿರ ಜೊತೆ ಪಂದ್ಯ ಕಟ್ಟಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡರು. ಹಣೆಯ ಮೇಲಿನ ಕುಂಕುಮ ಅಳಿಸಿದ ಹಿರಿಯರು ಇನ್ನೂ ಮನೆಯ ಅಂಗಳದಲ್ಲೇ ಕುಳಿತಿರುವಾಗ, ಈಕೆ ತಂದೆಯ ಎದುರು ನಿಂತು ಓದುತ್ತೇನೆ ಎಂದರಂತೆ. ಹಟಮಾರಿ ಮಗಳ ಮುಂದೆ ಸೋತ ತಂದೆ ಓದಿಸಿದರು. ಹೀಗೆ ತರಬೇತಿ ಮುಗಿಸಿ ೧೯೭೧ರಲ್ಲಿ ಜೇವರ್ಗಿಯಲ್ಲಿರುವ ನಮ್ಮ ಸಂಸ್ಥೆಯ ಹೆಣ್ಣುಮಕ್ಕಳ ಶಾಲೆಗೆ ಬಂದ ಅವರು, ಅಲ್ಲಿ ಕಟ್ಟಿದ ಖೋಖೋ ತಂಡದ ಸುದ್ದಿ ನಾನು ಅಫಜಲಪುರಕ್ಕೆ ಬರುವ ಹೊತ್ತಿಗೆ ಬಸ್ ನಿಲ್ದಾಣದ ಚಹಾದಂಗಡಿಯವರೆಗೂ ಮುಟ್ಟಿತ್ತು.

ನಾನು ೧೯೮೦ರಲ್ಲಿ ಕನ್ನಡ ಅಧ್ಯಾಪಕಿಯಾಗಿ ಬಂದೆ. ಮನೆಮಾತು ಉರ್ದು, ಕಲಿಸುವುದು ಹಳಗನ್ನಡ. ಕೇಳಿದವರೆಲ್ಲ ಹುಬ್ಬೇರಿಸುತ್ತಿದ್ದರು, ಹೆಸರು ಕೇಳಿದ ಮೇಲೆ ಬಾಡಿಗೆಗೆ ಮನೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಅದೇ ವರ್ಷ ಜೇವರ್ಗಿಯಿಂದ ವರ್ಗವಾಗಿ ಬಂದಿದ್ದ ಸುಮಿತ್ರಾಬಾಯಿಯವರು ನಾನು ಟ್ರಂಕಿನ ಮೇಲೆ ಕುಳಿತದ್ದನ್ನು ಶಾಲೆಯ ಪಡಸಾಲೆಯಲ್ಲಿ ನೋಡಿದರು. “ಏಳ ಬೇ ಹಮೀದಾ, ಇಲ್ಲಿ ಕುಂತ್ರ ಮನಿ ನಡಕೋತ ಬರ್ತದೇನು? ನನ್ನ ಕಡೆ ಎರಡು ಖೋಲಿ ಅದಾವ, ಒಂದು ನಿಂದು” ಎಂದರು. ಆ ಮನೆಯಲ್ಲಿ ಮೂರು ವರ್ಷ ಇದ್ದೆ. ಅವರ ಲಿಂಗಪೂಜೆ, ನನ್ನ ನಮಾಜು ಎರಡೂ ಒಂದೇ ಗೋಡೆಯ ಆ ಕಡೆ ಈ ಕಡೆ ನಡೆದವು, ಗೋಡೆ ಬೀಳಲಿಲ್ಲ. ಅವರ ಸಿಟ್ಟನ್ನೂ ಅಲ್ಲೇ ಕಂಡೆ. ರೊಟ್ಟಿ ಸುಟ್ಟರೆ ಹಂಚನ್ನೇ ಬೈಯುವ ಹೆಂಗಸು.

ಇನ್ನು ಈಜುಕೊಳದ ಕಥೆ. ವಿಭಾಗಕ್ಕೊಂದು ಈಜುಕೊಳ ಎಂಬ ಸರಕಾರದ ಅನುದಾನ ಬಂದಾಗ ಆಳಂದದವರು ತಮಗೆ ಬೇಕೆಂದರು, ಜೇವರ್ಗಿಯವರು ತಮಗೆ ಬೇಕೆಂದರು. ಇಬ್ಬರ ಜಗಳ ಹರಿಯದೆ, ಕೇಳದೇ ಇದ್ದ ಅಫಜಲಪುರದ ನಮ್ಮ ಹೆಣ್ಣುಮಕ್ಕಳ ಶಾಲೆಯ ಹಿತ್ತಲಿಗೆ ಅದು ಬಂದು ಬಿತ್ತು. ಭೀಮಾ ಹೊಳೆ ಮಗ್ಗುಲಲ್ಲೇ ಇರುವ ಊರಿಗೆ ಹೌದ ಯಾತಕ್ಕೆ ಎಂದು ಜನ ನಕ್ಕರು. ನೀರಿನ ತೊಟ್ಟಿಗೆ ನಮ್ಮ ಕಡೆ ಹೌದ ಎನ್ನುವುದರಿಂದ “ಹೌದ ಬಂತು ಹೌದೇನ್ರಿ” ಎಂಬ ಕುಚೇಷ್ಟೆ ಬಹಳ ದಿನ ನಡೆಯಿತು. ಹೊಳೆಯಲ್ಲಿ ಗಂಡುಹುಡುಗರು ಈಜುತ್ತಿದ್ದರು. ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು, ಕಾಲು ಜಾರಿದರೆ ಮುಳುಗುತ್ತಿದ್ದರು. ಸುಮಿತ್ರಾಬಾಯಿಯವರಿಗೆ ಗೋಡೆ ಇರುವ ನೀರು ಬೇಕಾಗಿತ್ತು. ಮನೆಮನೆಗೆ ಹೋಗಿ, ತಾಯಂದಿರ ಎದುರೇ ಸಲ್ವಾರಿನ ಅಳತೆ ತೆಗೆದು, ಮೈ ಮುಚ್ಚುವ ಈಜುಡುಗೆಯನ್ನು ತಾವೇ ಹೊಲಿದುಕೊಟ್ಟು ಹುಡುಗಿಯರನ್ನು ಕರೆತಂದರು. ಶಾಲೆ ಬಿಟ್ಟ ಮೇಲಿನ ಒಂದು ತಾಸು ಹುಡುಗಿಯರದು. ಆ ತಾಸಿನಲ್ಲಿ ನನ್ನನ್ನೂ ಬಿಡಲಿಲ್ಲ. ಮೂವತ್ತು ದಾಟಿದ ನಾನು ಅಂಚು ಹಿಡಿದು ಅತ್ತಿದ್ದೇನೆ, ಅವರು ಬೆರಳು ಬಿಡಿಸಿ ನೀರಿಗೆ ತಳ್ಳಿದ್ದಾರೆ.

ನೀರು ತಿಳಿಯಾಗಿದ್ದರೆ ಮಾತ್ರ ಹುಡುಗಿಯರು ಇಳಿಯಬಹುದು, ತಳದ ಬಿಳಿ ಫರಶಿಕಲ್ಲು ಕಾಣದಿದ್ದರೆ ಒಬ್ಬರೂ ಇಳಿಯಕೂಡದು. ಇದು ಅವರ ಕಾನೂನು. ನೀರನ್ನು ತಿಳಿಯಾಗಿಡುತ್ತಿದ್ದದ್ದು ಪಂಪಿನ ಮನೆಯಲ್ಲಿದ್ದ, ಉಸುಕು ತುಂಬಿದ ದೊಡ್ಡ ಕಬ್ಬಿಣದ ಫಿಲ್ಟರು. ಅದರ ನೆತ್ತಿಯ ಮೇಲೆ ಅಂಗೈಯಗಲದ ಒಂದು ಬಿಲ್ಲೆ, ಗಾಜಿನ ಹಿಂದೆ ಒಂದು ಮುಳ್ಳು. ಇಂಗ್ಲಿಷಿನಲ್ಲಿ ಅದು ಪ್ರೆಶರ್ ಗೇಜು. ನಮ್ಮ ಕಡೆ ಮುಳ್ಳಿಗೂ ಕಾಟಾ, ತೂಕದ ತಕ್ಕಡಿಗೂ ಕಾಟಾ. ಹಾಗಾಗಿ ಇದೂ ಕಾಟಾ ಆಯಿತು. ಉಸುಕಿನಲ್ಲಿ ಹೊಲಸು ಕಟ್ಟಿದಷ್ಟೂ ನೀರಿಗೆ ದಾರಿ ಸಾಲದೆ ಒತ್ತಡ ಏರುತ್ತದೆ, ಮುಳ್ಳೂ ಏರುತ್ತದೆ. ಏರಿದಾಗ ನೀರನ್ನು ತಿರುವುಮುರುವಾಗಿ ಹರಿಸಿ ಉಸುಕು ತೊಳೆಯಬೇಕು. ಮುಳ್ಳು ಸುಳ್ಳು ಹೇಳಿದರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಕೊಳಕ್ಕೆ ಬೀಗ. ಆ ಬೀಗ ಹಾಕಲು ಕಾದಿದ್ದವರು ಊರಿನಲ್ಲಿ ಕಡಿಮೆಯಿರಲಿಲ್ಲ.

೧೯೮೫ರ ಸುಮಾರಿಗೆ ಆ ಮುಳ್ಳು ಸೊನ್ನೆಗೆ ಬಿದ್ದು ಏಳದಾಯಿತು. ಹೊಸ ಗೇಜು ಬೇಕೆಂದು ಬಾಯಿಯವರು ಕೇಳಿದಾಗ ಅಧ್ಯಕ್ಷರು, “ಕಾಟಾ ತಿರಗಂಗಿಲ್ಲ ಅಂದ್ರ ಘಡಿ ರಿಪೇರಿ ಮಾಡಾವಗ ಕೊಡ್ರಿ, ಹೊಸಾದ್ಯಾಕ?” ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಸುತ್ತ ಇದ್ದೇ ಇದ್ದರು. ಬಿಲ್ಲೆ ಗುಲಬರ್ಗಾದ ಗಡಿಯಾರದ ಅಂಗಡಿಗೆ ಹೋಯಿತು. ಅಲ್ಲಿಯವನು ಗಾಜನ್ನು ಫಳಫಳ ಉಜ್ಜಿ, ಮುಳ್ಳಿಗೆ ಎಣ್ಣೆ ಬಿಟ್ಟು ಕಳಿಸಿದ. ಪಂಪು ಹಾಕಿದರೆ ಮುಳ್ಳು ಮೊದಲಿನಂತೆಯೇ ಮಲಗಿತ್ತು, ಹೊಳಪು ಮಾತ್ರ ಹೆಚ್ಚಾಗಿತ್ತು.

ಭಾನುವಾರ ಬಾಯಿಯವರು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗಿ, ಗಿರಣಿಗಳ ಬಿಡಿಭಾಗ ಮಾರುವ ಓಣಿಯಲ್ಲಿ ಅಲೆದು ಹೊಸ ಗೇಜು ತಂದರು. ಅದನ್ನು ಕೂಡಿಸಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲು ಪಂಪು ನಿಲ್ಲಿಸಿ, ನೀರಿನ ವಾಲ್ವು ಮುಚ್ಚಿ, ಮೇಲಿನ ಸಣ್ಣ ನಳ ತಿರುವಿ ಒಳಗಿನ ಗಾಳಿಯನ್ನು ಬಿಟ್ಟರು. ಪಂಪು ನೋಡಿಕೊಳ್ಳುತ್ತಿದ್ದ ಪೀರಸಾಬ ಅವಸರದಿಂದ ಬಿಲ್ಲೆಯನ್ನೇ ಹಿಡಿದು ತಿರುವಲು ಹೋದಾಗ ಅವನ ಕೈಗೆ ಫಟ್ಟನೆ ಹೊಡೆದರು. “ಮಕ್ಕಳ ಗೋಣ ಹಿಡದು ಎತ್ತತಿಯೇನೋ? ಕೆಳಗಿನ ಹಿತ್ತಾಳಿ ನಟ್ಟಿಗೆ ಪಾನಾ ಹಾಕು.” ಹಳೆಯ ತಿರುಪಿನ ಸುತ್ತುಗಳಲ್ಲಿದ್ದ ಕಿಲುಬು ಕೆರೆದು, ಹೊಸದರ ಸುತ್ತಿಗೆ ಬಿಳಿ ಟೇಪು ಸುತ್ತಿ, ಕೈಯಿಂದ ಬಿಗಿದು, ಕೊನೆಗೆ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಒಂದೇ ಒಂದು ಎಳೆತ. ಪಂಪು ಹಾಕಿದಾಗ ಸುತ್ತಿನಲ್ಲಿ ಹನಿ ಜಿನುಗುತ್ತದೆಯೇ ಎಂದು ಬೆರಳಿಟ್ಟು ನೋಡಿದರು. ಮುಳ್ಳು ಎದ್ದು ನಿಂತಿತು. ಬಿಸಿಲು ಬಿದ್ದರೆ ಗಾಜು ಹಳದಿಯಾಗುತ್ತದೆಂದು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅದಕ್ಕೊಂದು ಟೊಪ್ಪಿಗೆ ಮಾಡಿದರು. ಬೆಳಿಗ್ಗೆ ಪಂಪು ಹಾಕುವ ಮುಂಚೆ ಮುಳ್ಳು ಸೊನ್ನೆಯ ಮೇಲಿದೆಯೇ ಎಂದು ನೋಡುವುದು ಅಂದಿನಿಂದ ನಿಯಮವಾಯಿತು. ನಿಂತ ಪಂಪಿನಲ್ಲೂ ಒತ್ತಡ ತೋರಿಸುವ ಕಾಟಾವನ್ನು ನಂಬಬಾರದು.

ತೊಡಕು ಬೇರೆಯೇ ಇತ್ತು. ಹಳೆಯ ಬಿಲ್ಲೆಯ ಅಂಕಿ ಪೌಂಡಿನ ಲೆಕ್ಕದವು, ಹೊಸದರವು ಕಿಲೋದವು. ಪೀರಸಾಬನಿಗೂ ಸರದಿಯ ಮೇಲೆ ಪಂಪಿನ ಮನೆ ನೋಡುತ್ತಿದ್ದ ಹುಡುಗಿಯರಿಗೂ ಗೊಂದಲವಾಯಿತು. ಬಾಯಿಯವರು ಉಸುಕು ತೊಳೆಸಿ, ಆಗ ಮುಳ್ಳು ನಿಂತ ಜಾಗಕ್ಕೆ ಗಾಜಿನ ಮೇಲೆ ಒಂದು ಕೆಂಪು ಟಿಕಳಿ ಅಂಟಿಸಿದರು. ಹೌದು, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಟಿಕಳಿಯೇ. ಅದಕ್ಕಿಂತ ಮೇಲಿನ, ತೊಳೆಯಲೇಬೇಕಾದ ಜಾಗಕ್ಕೆ ಒಂದು ಹಸಿರು. “ಕೆಂಪಿನ್ಯಾಗಿದ್ರ ಈಜ್ರಿ, ಹಸರಿಗೆ ಬಂದ್ರ ಉಸುಕು ತೊಳೀರಿ” ಎಂದರು. ಐದನೆಯ ಇಯತ್ತೆಯ ಹುಡುಗಿಗೂ ತಿಳಿಯಿತು. ಪಂಪಿನ ಮನೆಯ ತೇವಕ್ಕೆ ಟಿಕಳಿ ಉದುರುತ್ತಿದ್ದವು, ಆಗಾಗ ಹೊಸವು ಬೇಕಾಗುತ್ತಿದ್ದವು. ಬಾಯಿಯವರು ಸಂತೆಯ ಬಳೆಗಾರನ ಮುಂದೆ ಕುಳಿತು, ಸಣ್ಣವು, ಗುಂಡನೆಯವು, ಅಂಟು ಗಟ್ಟಿ ಇರುವವು ಎಂದು ಆರಿಸಿ ತರುತ್ತಿದ್ದರು.

ವಿಧವೆಯೊಬ್ಬಳು ಬಳೆಗಾರನ ಮುಂದೆ ಕುಳಿತು ಟಿಕಳಿ ಆರಿಸಿದರೆ ನಮ್ಮ ಊರು ಸುಮ್ಮನಿರುತ್ತದೆಯೇ? ಯಾರಿಗಾಗಿ ಹಚ್ಚಿಕೊಳ್ಳುತ್ತಾಳೆ, ಎಲ್ಲಿ ಹಚ್ಚಿಕೊಳ್ಳುತ್ತಾಳೆ, ಬಾಗಿಲು ಹಾಕಿಕೊಂಡ ಮೇಲೆ ಹಚ್ಚಿಕೊಳ್ಳುತ್ತಾಳೆ ಎಂದು ಕಲ್ಪಿಸಿಕೊಂಡವರಿಗೆ ಕೊನೆಯಿರಲಿಲ್ಲ. ಮನೆಯಲ್ಲಿ ಹಸಿದ ಮಕ್ಕಳಿದ್ದರೂ ಊರ ಉಸಾಬರಿಗೆ ಪುರುಸೊತ್ತು ಸಿಗುತ್ತದೆ. ಮಾತು ಅಧ್ಯಕ್ಷರ ಕಿವಿಗೆ ಹೋಯಿತು. ದೌಲತರಾಯರು ಬಸವ ಜಯಂತಿಯ ವೇದಿಕೆಯಲ್ಲಿ ಹೆಣ್ಣು ಗಂಡು ಸಮಾನವೆಂದು ಒಂದು ತಾಸು ಮಾತಾಡಿ ಜನರ ಕಣ್ಣಲ್ಲಿ ನೀರು ತರಿಸುವವರು. ಅಂಥವರು ಬಾಯಿಯವರನ್ನು ಕಚೇರಿಗೆ ಕರೆಸಿದರು. ನಾನೂ ಜೊತೆಗೆ ಹೋದೆ.

“ಬಾಯಿಯವ್ರ, ತಪ್ಪ ತಿಳೀಬ್ಯಾಡ್ರಿ. ನೀವು ಟಿಕಳಿ ಖರೀದಿ ಮಾಡಾಕತ್ತೀರಿ ಅಂತ ಊರಾಗ ಮಾತ ಬರಾಕತ್ತಾವ. ಸಂಸ್ಥಾದ ಇಜ್ಜತ್ತಿನ ಪ್ರಶ್ನಾ ಅದ” ಎಂದರು ಅಧ್ಯಕ್ಷರು.

ಬಾಯಿಯವರು ಅವರ ಹಣೆಯ ಮೂರೆಳೆ ವಿಭೂತಿಯನ್ನೇ ನೋಡಿದರು. “ನಾ ಹಚ್ಚಿಗೊಂಡಿಲ್ರಿ, ಕಾಟಾಕ್ಕ ಹಚ್ಚೇನಿ. ಅದರ ಗಂಡ ಅದಾನೋ ಸತ್ತಾನೋ ನೀವ ವಿಚಾರಿಸಿ ಹೇಳ್ರಿ, ಸತ್ತಿದ್ರ ತಗೀತೇನಿ.”

ಅಧ್ಯಕ್ಷರ ಮುಖ ಕೆಂಪಾಯಿತು. “ಟಿಕಳಿ ಯಾಕ ಬೇಕು? ಬಣ್ಣ ಹಚ್ಚ್ರಿ.”

“ಬಣ್ಣ ಹಚ್ಚಿದ್ರ ಸರಸಾಕ ಬರಂಗಿಲ್ರಿ. ಉಸುಕು ಹಳೇದಾದಂಗ ಗುರ್ತು ಸರೀತದ. ಟಿಕಳಿ ಆದ್ರ ತಗದು ಹಚ್ಚಬಹುದು.”

ಹೊರಗೆ ಬಂದ ಮೇಲೆ ನಾನು ನಗಲು ಹೊರಟಿದ್ದೆ. “ನಗಬ್ಯಾಡ ಬೇ. ಇಂವ ನೆನಪಿಟ್ಟಗೋತಾನ” ಎಂದರು.

ನೆನಪಿಟ್ಟುಕೊಂಡರು. ೧೯೮೮ರ ಬೇಸಿಗೆಯಲ್ಲಿ ಬಾಯಿಯವರನ್ನು ಬೆಂಗಳೂರಿಗೆ ಪುನರ್ತರಬೇತಿಗೆ ಕಳಿಸುವ ಆದೇಶ ಬಂತು. ಅವರು ಹೋದ ವಾರವೇ ಪೀರಸಾಬನನ್ನು ಶಾಲೆಯ ವಸತಿನಿಲಯದ ಅಡಿಗೆಮನೆಗೆ ಹಾಕಿ, ಪಂಪಿನ ಮನೆಗೆ ಅಧ್ಯಕ್ಷರ ಕಡೆಯವನಾದ ಧರ್ಮಣ್ಣನನ್ನು ತಂದರು. ಜೂನ್ ತಿಂಗಳಲ್ಲಿ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಅವರ ಕಣ್ಣಿಗೆ ಬೀಳದಂತೆ ಆ ಟಿಕಳಿಗಳನ್ನು ಮೊದಲು ಕಿತ್ತು ಒಗೆಯಲು ಧರ್ಮಣ್ಣನಿಗೆ ಹುಕುಮಾಯಿತು. ಅವನು ಬ್ಲೇಡಿನಿಂದ ಗಾಜು ಕೆರೆದು ಸ್ವಚ್ಛ ಮಾಡಿದ.

ಧರ್ಮಣ್ಣ ಕೆಟ್ಟವನಲ್ಲ. ಆದರೆ ಅವನು ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮಗ್ಗುಲಲ್ಲಿ ಕೂಲಿ ಮಾಡಿದವನು. ಅಲ್ಲಿ ಮುಳ್ಳು ಏರಿದಷ್ಟೂ ರೈತನ ಮುಖ ಅರಳುವುದನ್ನು ಕಂಡವನು. ಕಾಟಾ ಏರುವುದೆಂದರೆ ಒಳ್ಳೆಯದೇ ಎಂದು ಅವನ ಲೆಕ್ಕ. ಗುರುತಿಲ್ಲದ ಗಾಜಿನ ಹಿಂದೆ ಮುಳ್ಳು ದಿನದಿನಕ್ಕೆ ಏರಿತು, ಅವನು ದಿನದಿನಕ್ಕೆ ಹಿಗ್ಗಿದ. ರಜೆ ಮುಗಿಸಿ ಬಂದ ನಾನು ಕೊಳ ನೋಡಿದರೆ ನೀರು ಗಂಜಿಯಂತಾಗಿತ್ತು. ಪಂಪಿನ ಮನೆಗೆ ಹೋದೆ. “ಮಷಿನ್ ಭಾಳ ಜೋರ ಐತ್ರಿ ಮೇಡಂ, ಕಾಟಾ ನೋಡ್ರಿ, ಹ್ಯಾಂಗ ಏರೈತಿ” ಎಂದು ಹೆಮ್ಮೆಯಿಂದ ತೋರಿಸಿದ. ಉಸುಕು ತೊಳೆ ಎಂದರೆ, ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟಬಾರದೆಂದು ಅಧ್ಯಕ್ಷ ಸಾಹೇಬರ ಅಪ್ಪಣೆಯಿದೆ ಎಂದ.

ಅಧಿಕಾರಿ ಬಂದ ದಿನ ಹುಡುಗಿಯರ ಈಜು ತೋರಿಸಬೇಕೆಂದು ಅಧ್ಯಕ್ಷರು ಹಟ ಹಿಡಿದರು. ನಾನು ಎದುರು ಹೋಗಿ ನಿಂತೆ. “ನೀರು ಕಲಕ್ಯಾದ್ರಿ. ತಳ ಕಾಣಂಗಿಲ್ಲ. ಬಾಯಿಯವ್ರು ಇದ್ದಿದ್ರ ಇಳಸ್ತಿರಲಿಲ್ಲ” ಎಂದೆ.

“ಕನ್ನಡದವ್ರು ನೀರಿನ ಮಾತ್ಯಾಕ ಆಡ್ತೀರಿ? ಪಾಠ ಮಾಡ್ರಿ ಹೋಗ್ರಿ.”

ಹುಡುಗಿಯರು ಇಳಿದರು. ಅವರಲ್ಲಿ ಎಲ್ಲರಿಗಿಂತ ಚುರುಕಾದವಳು ಒಂಬತ್ತನೆಯ ಇಯತ್ತೆಯ ಮಲ್ಕಮ್ಮ, ಹೊಳೆದಂಡೆಯ ಅಂಬಿಗರ ಮಗಳು. ಅತಿಥಿಗಳ ಮುಂದೆ ಎತ್ತರದಿಂದ ಧುಮುಕಿದಳು, ಏಳಲಿಲ್ಲ. ಕುರ್ಚಿಯವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ನೀರಿನಲ್ಲಿದ್ದ ಹುಡುಗಿಯರಿಗೆ ಮಾತ್ರ ತಿಳಿಯಿತು. ತಳ ಕಾಣದ ನೀರಿನಲ್ಲಿ ಒಬ್ಬಳು ಕಳೆದರೆ ಏನು ಮಾಡಬೇಕೆಂದು ಬಾಯಿಯವರು ವರ್ಷಕ್ಕೊಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ ಕಲಿಸುತ್ತಿದ್ದರು. ಯಾರೂ ಹೇಳದೆ ಹುಡುಗಿಯರು ಕೈಗೆ ಕೈ ಕೂಡಿಸಿ ಸಾಲು ಕಟ್ಟಿದರು, ಕಾಲಿನಿಂದ ತಳ ಸವರುತ್ತ ಆಳದ ಕಡೆ ನಡೆದರು, ಕಾಲು ನಿಲುಕದ ಕಡೆ ದೊಡ್ಡವರು ಮುಳುಗಿ ಮುಳುಗಿ ತಡಕಿದರು. ಇಳಿಜಾರಿನಲ್ಲಿ ಅವಳ ಜಡೆ ಕೈಗೆ ಸಿಕ್ಕಿತು, ತಳ ಕಾಣದೆ ಧುಮುಕಿ ಅಲ್ಲಿಗೇ ತಲೆ ಬಡಿದುಕೊಂಡಿದ್ದಳು. ದಂಡೆಗೆ ಎಳೆದು, ಬೋರಲು ಮಲಗಿಸಿ, ಬೆನ್ನು ಒತ್ತಿ ನೀರು ಕಕ್ಕಿಸಿದ್ದೂ ಆ ಮಕ್ಕಳೇ. ಕೊನೆಗೆ ಮಲ್ಕಮ್ಮ ಕೆಮ್ಮಿದಳು. ಆ ಹೊತ್ತಿಗೆ ಅತಿಥಿಗಳ ಜೀಪು ಗೇಟು ದಾಟಿತ್ತು.

ಹುಡುಗಿ ಬದುಕಿದಳು. ಆದರೆ ಆ ವಾರವೇ ಅವಳ ಅಪ್ಪ ಶಾಲೆ ಬಿಡಿಸಿದ, ಆ ವರ್ಷವೇ ಮದುವೆ ಮಾಡಿ ಕೊಟ್ಟ. ಬಾಯಿಯವರು ಬೆಂಗಳೂರಿನಿಂದ ಬಂದಾಗ ಅವರ ಮೇಜಿನ ಮೇಲೆ ಮೆಮೊ ಕಾಯುತ್ತಿತ್ತು. ತಾವಿಲ್ಲದಾಗ ಪಂಪು ನಡೆಸುವ ಬಗ್ಗೆ ಸರಿಯಾದ ಸೂಚನೆ ಬಿಟ್ಟು ಹೋಗಲಿಲ್ಲ ಎಂಬ ಆರೋಪ. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎನ್ನುವ ಗಾದೆಯಲ್ಲಿ ಕೊತ್ತಿಯಾದರೂ ಓಡಿ ತಪ್ಪಿಸಿಕೊಳ್ಳುತ್ತದೆ. ಅವರು ಮೆಮೊ ಓದಲಿಲ್ಲ, ನೇರ ಪಂಪಿನ ಮನೆಗೆ ಹೋದರು. ಬ್ಲೇಡಿನ ಗೀರು ಬಿದ್ದ ಗಾಜನ್ನು ಹೆಬ್ಬೆರಳಿನಿಂದ ಸವರಿದರು. “ಇದ ಸೂಚನಾ ಆಗಿತ್ತಲ್ಲ ಬೇ. ಕೆರದು ಒಗದಾರಲ್ಲ” ಎಂದರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ಅದೊಂದೇ ಸಲ ನೋಡಿದೆ.

ಕೊಳಕ್ಕೆ ಬೀಗ ಬಿತ್ತು. ಹೆಣ್ಣುಮಕ್ಕಳ ಜೀವದ ಪ್ರಶ್ನೆ ಎಂದು ಅಧ್ಯಕ್ಷರು ಸಭೆಯಲ್ಲಿ ಗದ್ಗದಿತರಾದರು. ಮುಂದಿನ ಮೂರು ವರ್ಷ ಬಾಯಿಯವರು ಆ ಬೀಗ ತೆಗೆಸಲು ಹೋಗದ ಬಾಗಿಲಿಲ್ಲ. ಊರಿನ ತಾಯಂದಿರನ್ನು ಕೂಡಿಸಿದರು. ಮೊದಲು ಬೈದವರೇ ಈಗ ಜೊತೆಗೆ ಬಂದರು, ಮುಳುಗಿದ ಹುಡುಗಿಯನ್ನು ಹುಡುಗಿಯರೇ ತೆಗೆದರೆಂಬುದನ್ನು ಅವರು ಕಂಡಿದ್ದರು. ಯಾವುದೂ ನಡೆಯಲಿಲ್ಲ. ನಿಂತ ಪಂಪಿನ ಆ ಕಾಟಾವನ್ನು ಬಾಯಿಯವರು ಆಗಲೂ ವಾರಕ್ಕೊಮ್ಮೆ ಒರೆಸಿ, ತಗಡಿನ ಟೊಪ್ಪಿಗೆ ಸರಿ ಮಾಡಿ ಬರುತ್ತಿದ್ದರು. ಯಾಕೆ ಎಂದರೆ, “ನಾಳಿ ನೀರ ಬಂದ್ರ?” ಎನ್ನುತ್ತಿದ್ದರು.

ನೀರು ಬರಲಿಲ್ಲ, ಮೊರಮ್ ಬಂತು. ೧೯೯೧ರಲ್ಲಿ ಕೊಳಕ್ಕೆ ಗಾಡಿಗಟ್ಟಲೆ ಮೊರಮ್ ಮಣ್ಣು ಸುರಿದು, ಮೇಲೆ ಸಮುದಾಯ ಭವನ ಕಟ್ಟಿ, ಅಧ್ಯಕ್ಷರ ತಂದೆಯವರ ಹೆಸರಿಟ್ಟರು. ಫಿಲ್ಟರು ಗುಜರಿಗೆ ಹೋಯಿತು. ಕೊನೆಯ ಐದು ವರ್ಷ ಸುಮಿತ್ರಾಬಾಯಿಯವರು ಆ ಭವನದ ಹಿಂದಿನ ಧೂಳಿನಲ್ಲಿ ಹುಡುಗಿಯರಿಗೆ ಕವಾಯತು ಮಾಡಿಸಿದರು. ಒಂದು ದಿನವೂ ತಡವಾಗಿ ಬರಲಿಲ್ಲ, ಒಂದು ದಿನವೂ ಭವನದ ಒಳಗೆ ಕಾಲಿಡಲಿಲ್ಲ.

ಈ ಸಂಪುಟದ ಬಿಡುಗಡೆಯೂ ಅವರ ಸನ್ಮಾನವೂ ಅದೇ ಭವನದಲ್ಲಿ. ಮೊನ್ನೆ ಆಮಂತ್ರಣ ಹಿಡಿದುಕೊಂಡು ಅವರ ಮನೆಗೆ ಹೋದೆ. ಓದಿ, ಕನ್ನಡಕ ತೆಗೆದು ಕೇಳಿದರು. “ವೇದಿಕಿ ಕೊಳದ ಆಳದ ಕಡೆ ಅದ ಹೌದಿಲ್ಲೋ?”

ಹೌದು ಎಂದೆ.

“ಹಂಗಾದ್ರ ನಾ ಅದರ ಮ್ಯಾಲ ಕುಂಡ್ರಂಗಿಲ್ಲ, ಹಮೀದಾ. ಈ ಎಂಟು ವರ್ಷದಾಗ ಎಷ್ಟ ಹುಡುಗ್ಯಾರು ಅಲ್ಲಿ ಈಜ ಕಲೀಬೇಕಾಗಿತ್ತು ಅಂತ ಅದೊಂದ ನೆನಪಾಗ್ತದ. ಹ್ವಾದ ಮಳಿಗಾಲದಾಗ ಹೊಳ್ಯಾಗ ಮುಳುಗಿ ಹ್ವಾದ ಆ ಇಬ್ಬರು ಅಕ್ಕತಂಗಿ ನಮ್ಮ ಸಾಲಿಯವ್ರ ಅಲ್ಲೇನು?”

ನಮ್ಮ ಶಾಲೆಯವರೇ. ಬಟ್ಟೆ ಒಗೆಯಲು ಹೋದವರು. ಅವರಿಗಾಗಿ ಇದೇ ಭವನದಲ್ಲಿ ಶೋಕಸಭೆ ನಡೆಯಿತು, ಅಧ್ಯಕ್ಷರು ಮಾತಾಡಿದರು.

ಇಂಥ ಸಂಪುಟಗಳಲ್ಲಿ ಕೊನೆಗೆ ಹಾರೈಸುವುದು ವಾಡಿಕೆ, ನಾನೂ ಹಾರೈಸುತ್ತೇನೆ. ಸುಮಿತ್ರಾಬಾಯಿಯವರಿಗೆ ನೂರು ವರ್ಷ ಆಯುಷ್ಯವಿರಲಿ ಎಂದು ಬರೆದರೆ ಸಾಲದು. ಅವರು ಆ ಭವನಕ್ಕಿಂತ ಒಂದು ದಿನವಾದರೂ ಹೆಚ್ಚು ಬಾಳಲಿ. ಅದರ ಗೋಡೆಗಳು ಅವರ ಕಣ್ಣೆದುರೇ ಬೀಳಲಿ, ಮೊರಮ್ ಹೊರಗೆ ಹೋಗಲಿ, ಕೆಳಗಿನ ಬಿಳಿ ಫರಶಿ ಮತ್ತೆ ಕಾಣಲಿ. ಅವರು ದಂಡೆಯ ಮೇಲೆ ನಿಂತು ಬೈಯುತ್ತ ಕಲಿಸಲಿ. ಅಲ್ಲಿಯವರೆಗೆ, ಅವರ ಹೆಸರಿನಲ್ಲಿ ಆ ವೇದಿಕೆಯಿಂದ ಭಾಷಣ ಮಾಡುವವರು ತಾವು ನಿಂತದ್ದು ಆ ಇಬ್ಬರು ಅಕ್ಕತಂಗಿಯರು ಈಜು ಕಲಿಯಬೇಕಾಗಿದ್ದ ಜಾಗದ ಮೇಲೆ ಎಂಬುದನ್ನು ತಿಳಿದು ಮಾತಾಡಲಿ.